ಅಡುಗೆಮನೆಗೆ ನಲ್ಲಿ ಬಂದದ್ದು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಜವರಣ್ಣನ ಮಗಳು ಶ್ಯಾಮಲಾ ಹಗರೆಯ ತಿಮ್ಮಯ್ಯನವರ ಮನೆಗೆ ಹಿರಿಸೊಸೆಯಾಗಿ ಹೊರಟಾಗ, ಅವಳ ಬೀದಿಯ ಹೆಂಗಸರು ಹೆಚ್ಚಾಗಿ ಹೇಳಿದ್ದು ಒಂದೇ ಮಾತು: ಇನ್ನು ನಿನಗೆ ನೀರಿನ ಚಿಂತೆ ಇಲ್ಲ. ಅರಸೀಕೆರೆಯಲ್ಲಿ ಅವರಿದ್ದ ಸಾಲುಮನೆಯ ಅಡುಗೆಮನೆಯೊಳಗೇ ನಲ್ಲಿ ಇತ್ತು. ಆದರೆ ಅದರಲ್ಲಿ ನೀರು ಬರುತ್ತಿದ್ದುದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದೂ ಇಲ್ಲ. ನಲ್ಲಿ ಬುಸುಗುಟ್ಟಿದ್ದು ಕೇಳಿದರೆ ಸಾಕು, ತಾಯಿ ಮಗಳಿಬ್ಬರೂ ಮಾಡುತ್ತಿದ್ದ ಕೆಲಸ ಬಿಟ್ಟು ಲೋಟದವರೆಗೂ ಎಲ್ಲ ತುಂಬಿಸಿಡುತ್ತಿದ್ದರು.

ಹಗರೆಯಲ್ಲಿ ಅದಕ್ಕೆ ತಿರುಗುಮುರುಗು. ತಿಮ್ಮಯ್ಯನವರ ತೆಂಗಿನ ತೋಟದ ಬೋರ್‌ವೆಲ್ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಹಿತ್ತಲಲ್ಲಿ, ದನದ ಕೊಟ್ಟಿಗೆಯ ಪಕ್ಕದ ಸಿಮೆಂಟು ತೊಟ್ಟಿ ಸದಾ ತುಂಬಿರುತ್ತಿತ್ತು. ಅಡುಗೆಮನೆಯೊಳಗೆ ಮಾತ್ರ ಒಂದು ಹನಿ ನೀರೂ ತಾನಾಗಿ ಬರುತ್ತಿರಲಿಲ್ಲ. ಹಿತ್ತಲಿಗೆ ಇಳಿಯಲು ಹಳೆಯ ಕಲ್ಲಿನ ಮೆಟ್ಟಿಲು, ಅದನ್ನು ಹತ್ತಿದರೆ ಎತ್ತರದ ಹೊಸ್ತಿಲು, ಅದನ್ನು ದಾಟಿದರೆ ಅಡುಗೆಮನೆಯ ಮೂಲೆಯಲ್ಲಿ ತಾಮ್ರದ ಹಂಡೆ. ತೊಟ್ಟಿಯಿಂದ ಕೊಡದಲ್ಲಿ ಹೊತ್ತು ತಂದು ಆ ಹಂಡೆ ತುಂಬಬೇಕು. ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಒಯ್ದು ತೊಟ್ಟಿಯ ಪಕ್ಕದ ಚಪ್ಪಡಿಯ ಮೇಲೆ ತಿಕ್ಕಬೇಕು. ನಲ್ಲಿ ಇದ್ದ ಕಡೆ ನೀರಿರಲಿಲ್ಲ, ನೀರಿದ್ದ ಕಡೆ ನಲ್ಲಿ ಇಲ್ಲ ಎಂದು ಶ್ಯಾಮಲಾ ಮೊದಮೊದಲು ಗಂಡ ಉಮೇಶನ ಹತ್ತಿರ ನಗುತ್ತಲೇ ಹೇಳುತ್ತಿದ್ದಳು. ಅವನೂ ನಗುತ್ತಿದ್ದ. ಹೊಸದರಲ್ಲಿ ಅದು ಒಂದು ಕಷ್ಟವೆಂದು ಅವಳಿಗೆ ಅನ್ನಿಸಿರಲಿಲ್ಲ.

ಅತ್ತೆ ಜಾನಕಮ್ಮ ಕೆಟ್ಟ ಹೆಂಗಸೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಬಂದವರಿಗೆ ಮಜ್ಜಿಗೆ ಕೊಡದೆ ಕಳಿಸಿದವಳಲ್ಲ. ನೆಟ್ಟಗೆ ನಿಂತು ಮನೆ ನಡೆಸಿದವಳು. ಹಾಲು ಕರೆದು ಡೇರಿಗೆ ಹಾಕುವುದರಿಂದ ಹಿಡಿದು ರಾಗಿ ಬೀಸಿಸುವವರೆಗೂ ಅವಳ ಮಾತೇ ಮಾತು. ಸೊಸೆಯನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಆದರೆ ಬೆಳಗ್ಗೆ ಹಂಡೆಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡುವುದು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ನೀರು ಕಂಠದಿಂದ ಕೆಳಗಿದ್ದರೆ ಏನೂ ಅನ್ನುತ್ತಿರಲಿಲ್ಲ. ಮುಚ್ಚಳವನ್ನು ಸ್ವಲ್ಪ ಜೋರಾಗಿ ಮುಚ್ಚುತ್ತಿದ್ದಳು, ಅಷ್ಟೆ.

ಮಗಳು ಹೇಮಾಶ್ರೀ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಶ್ಯಾಮಲಾ ಎರಡನೆಯ ಸಲ ಬಸುರಿಯಾದಳು. ಆರು ತಿಂಗಳು ತುಂಬಿತ್ತು. ಹಿಂದಿನ ವಾರವೆಲ್ಲ ಜಡಿಮಳೆ ಹಿಡಿದು ಹಿತ್ತಲ ಮೆಟ್ಟಿಲು ಪಾಚಿಗಟ್ಟಿ ಹಸಿರಾಗಿತ್ತು. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹತ್ತುವಾಗ ಅವಳ ಕಾಲು ಜಾರಿತು. ಬಿದ್ದದ್ದು ಹೆಚ್ಚು ಎತ್ತರದಿಂದೇನಲ್ಲ. ಆದರೆ ತುಂಬಿದ ಕೊಡ ಮೊದಲು ಕಲ್ಲಿಗೆ ಬಡಿಯಿತು, ಅದರ ಮೇಲೆ ಅವಳು ಬಿದ್ದಳು. ಪಕ್ಕದ ಮನೆಯ ಮುತ್ತಮ್ಮ ಕೂಗು ಕೇಳಿ ಓಡಿ ಬಂದಳು. ಆಟೋ ತರಿಸಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಲಿಲ್ಲ. ಗಂಡುಮಗು ಎಂದು ನರ್ಸು ಹೇಳಿದ್ದನ್ನು ಜಾನಕಮ್ಮ ಊರಿಗೆ ಬಂದು ಎಲ್ಲರಿಗೂ ಹೇಳಿ ಅತ್ತಳು. ಶ್ಯಾಮಲಾಳಿಗೆ ಮಾತ್ರ, ನೋಡಿಕೊಂಡು ಕಾಲಿಡಬೇಕು ಅಲ್ಲವಾ ಎಂದಳು. ಆಮೇಲೆ ಶ್ಯಾಮಲಾಳಿಗೆ ಮಕ್ಕಳಾಗಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲನೆಯ ಸಲ ನಗದೆ ಕೇಳಿದಳು. ಅಡುಗೆಮನೆಯೊಳಕ್ಕೆ ಒಂದು ನಲ್ಲಿ ಹಾಕಿಸಿ ಎಂದು. ಉಮೇಶ ತಾಯಿಯ ಹತ್ತಿರ ಹೇಳಿದ. ಅಡುಗೆಮನೆಯ ಹಿಂದಿನ ಗೋಡೆಯ ಆಚೆಯೇ ಬಚ್ಚಲಮನೆ, ಅದರ ತಾರಸಿಯ ಮೇಲೆ ನೀರಿನ ಟ್ಯಾಂಕು ಆಗಲೇ ಇತ್ತು. ಪೈಪು ಒಳಕ್ಕೆ ತರಬೇಕು, ಅಷ್ಟೆ. ಆದರೆ ಆ ಗೋಡೆಯಲ್ಲೇ ದೇವರ ಗೂಡು. ಗೂಡಿನಲ್ಲಿ ಮಾಲೇಕಲ್ಲು ತಿರುಪತಿಯ ವೆಂಕಟರಮಣನ ಪಟ, ಅದರ ಮುಂದೆ ನಿತ್ಯ ದೀಪ.

"ದೇವ್ರ ಗೂಡಿರೋ ಗೋಡೆ ಕಣವ್ವ ಅದು," ಎಂದಳು ಜಾನಕಮ್ಮ. "ಅದನ್ನ ಕೊರ್ದು, ಅದರ ಬುಡದಲ್ಲಿ ಮುಸುರೆ ನೀರು ಹರಿಸಕ್ಕಾಯ್ತದಾ? ತಿರುಪ್ತಿ ಒಕ್ಕಲು ನಾವು. ನಾಳೆ ಏನಾರ ಆದ್ರೆ ಯಾರು ಹೊಣೆ?"

ಏನಾಗಬೇಕೋ ಅದು ಆಗಿಹೋಗಿದೆಯಲ್ಲ ಎಂದು ಶ್ಯಾಮಲಾಳ ಬಾಯಿಗೆ ಬಂತು. ಆಡಲಿಲ್ಲ. ಮಾವ ತಿಮ್ಮಯ್ಯ ಇದು ಹೆಂಗಸರ ವಿಷಯ ಎಂದು ಎದ್ದು ತೋಟಕ್ಕೆ ಹೋದರು. ಉಮೇಶ ಅರ್ಧ ಚೀಲ ಸಿಮೆಂಟು ತಂದು ಮೆಟ್ಟಿಲಿನ ಮೇಲೆ ಬಳಿದು, ಒಣಗುವ ಮುಂಚೆ ಪೊರಕೆಯಿಂದ ಗೀರಿ ಒರಟು ಮಾಡಿದ. ಇನ್ನು ಜಾರುವುದಿಲ್ಲ ಎಂದ. ಆ ವಿಷಯ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದರೆ, ಶ್ಯಾಮಲಾ ಮತ್ತೆ ಕೇಳಲಿಲ್ಲ ಎಂದಲ್ಲ. ಹೇಮಾಶ್ರೀ ಶಾಲೆಗೆ ಸೇರಿದಾಗ ಕೇಳಿದಳು. ಪಂಚಾಯ್ತಿಯವರು ಬೀದಿ ಅಗೆದು ಮನೆಮನೆಯ ಮುಂದೆ ನಲ್ಲಿ ನೆಟ್ಟಾಗ, ಪೈಪು ಹೇಗೂ ಬಾಗಿಲವರೆಗೆ ಬಂದಿದೆಯಲ್ಲ ಎಂದು ಕೇಳಿದಳು. ಬಲಭುಜ ನೋಯಲು ಶುರುವಾಗಿ ಕೈ ತಲೆಗಿಂತ ಮೇಲೆ ಎತ್ತಲಾಗದೆ ಹೋದಾಗ ಕೇಳಿದಳು. ಪ್ರತಿ ಸಲವೂ ಗೋಡೆ, ಗೂಡು, ವೆಂಕಟರಮಣ. ಕೊನೆಗೆ ಅವಳಿಗೂ ಅದು ನಂಬಿಕೆಯಾಯಿತು. ಕೆಲವು ಮನೆಗಳಿಗೆ ಹೆಣ್ಣು ಸಂತಾನ ಇರುವುದಿಲ್ಲ, ಕೆಲವು ಮನೆಗಳಲ್ಲಿ ಕುಂಬಳಕಾಯಿ ಬೆಳೆಯುವಂತಿಲ್ಲ, ಹಾಗೆಯೇ ಈ ಮನೆಯ ಅಡುಗೆಮನೆಗೆ ನಲ್ಲಿ ಇಲ್ಲ. ಹಣೆಯಲ್ಲಿ ಬರೆದದ್ದರ ಜೊತೆ ಯಾರು ಜಗಳವಾಡುತ್ತಾರೆ ಎಂದುಕೊಂಡು ಕೊಡವನ್ನು ಎಡಸೊಂಟಕ್ಕೆ ಬದಲಾಯಿಸಿದಳು.

ಉಮೇಶನ ತಮ್ಮ ಶರತ್‌ಚಂದ್ರ ಓದಿ ಹಾಸನದಲ್ಲಿ ಸರ್ಕಾರಿ ಕೆಲಸ ಹಿಡಿದಿದ್ದ. ಅವನ ಹೆಂಡತಿ ಕಾವ್ಯಶ್ರೀ ಹಾಸನದ ಹುಡುಗಿ. ಅವಳ ತಂದೆ ಕಟ್ಟಡದ ಕಂಟ್ರಾಕ್ಟರು, ಬೀಗರ ಮನೆಗೆ ಕಾರಿನಲ್ಲಿ ಬಂದು ಹೋಗುವವರು. ಮದುವೆಯಾಗಿ ಕೆಲವು ವರ್ಷ ಕಾದ ಮೇಲೆ ಕಾವ್ಯಶ್ರೀ ಬಸುರಿಯಾದಳು. ಡಾಕ್ಟರು ಮಹಡಿ ಮೆಟ್ಟಿಲು ಹತ್ತಬಾರದೆಂದರು. ಅವರ ಬಾಡಿಗೆ ಮನೆ ಇದ್ದದ್ದು ಮೇಲಿನ ಮಹಡಿಯಲ್ಲಿ. ತವರಿಗೆ ಹೋಗೋಣವೆಂದರೆ ಅವಳ ತಾಯಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಹೀಗಾಗಿ ಕೆಲವು ತಿಂಗಳು ಹಗರೆಯಲ್ಲೇ ಇರಲಿ, ಶರತ್ ದಿನಾ ಬಸ್ಸಿನಲ್ಲಿ ಓಡಾಡಲಿ ಎಂದು ತೀರ್ಮಾನವಾಯಿತು.

ಕಾವ್ಯಶ್ರೀ ಬಂದಳು. ಮೆತ್ತಗಿನ ಹುಡುಗಿ, ಅಕ್ಕಾ ಅಕ್ಕಾ ಎಂದು ಶ್ಯಾಮಲಾಳ ಹಿಂದೆ ಮುಂದೆ ತಿರುಗುವವಳು. ಬಂದ ಮಾರನೆಯ ಬೆಳಗ್ಗೆ, ಕೂತಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡು, ತನ್ನ ಕಾಫಿ ಲೋಟ ತೊಳೆಯಲು ಹಿತ್ತಲಿಗೆ ಇಳಿದಳು. ಬರುವಾಗ ಒಂದು ಚೊಂಬು ನೀರು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಅದನ್ನು ಕಂಡ ಜಾನಕಮ್ಮ ಕೊಟ್ಟಿಗೆಯಿಂದಲೇ ಕೂಗಿಕೊಂಡು ಓಡಿ ಬಂದು ಅವಳ ರಟ್ಟೆ ಹಿಡಿದಳು. ಆ ಮೆಟ್ಟಿಲು ಒಳ್ಳೆಯದಲ್ಲ, ನೀನು ಅಲ್ಲಿಗೆ ಕಾಲಿಡಕೂಡದು ಎಂದಳು. ಶ್ಯಾಮಲಾ ಅಲ್ಲೇ ಚಪ್ಪಡಿಯ ಮುಂದೆ ಕೂತು ರಾಗಿ ಮುದ್ದೆಯ ಪಾತ್ರೆ ತಿಕ್ಕುತ್ತಿದ್ದಳು. ಆ ಮೆಟ್ಟಿಲು ಒಳ್ಳೆಯದಲ್ಲವೆಂದು ಆ ಮನೆಯಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅದರ ಮಾರನೆಯ ದಿನ ಭಾನುವಾರ. ತಿಂಡಿಯ ಹೊತ್ತಿಗೆ ಹಳೇಬೀಡಿನಿಂದ ಪ್ಲಂಬರ್ ಪುಟ್ಟರಾಜು ಮೋಟಾರ್ ಬೈಕಿನಲ್ಲಿ ಬಂದ. ಹಿಂದಿನ ಸೀಟಿಗೆ ಪೈಪುಗಳನ್ನು ಕಟ್ಟಿದ್ದ. ಶರತ್ ಹಾಸನದಿಂದ ತಂದಿದ್ದ ಸ್ಟೀಲಿನ ಸಿಂಕು, ರಟ್ಟಿನ ಡಬ್ಬಿಯಲ್ಲಿದ್ದ ನಲ್ಲಿ ಎರಡನ್ನೂ ಪಡಸಾಲೆಯಲ್ಲಿ ಬಿಚ್ಚಿಟ್ಟರು. ನಲ್ಲಿಯ ಕತ್ತು ಉದ್ದವಾಗಿ ಬಾಗಿತ್ತು, ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ತಿಮ್ಮಯ್ಯನವರು ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಗಟ್ಟಿ ಮಾಲು ಎಂದರು. ಯಾರೂ ಶ್ಯಾಮಲಾಳಿಗೆ ಮುಂಚೆ ಹೇಳಿರಲಿಲ್ಲ. ಪುಟ್ಟರಾಜುವಿಗೆ ಕಾಫಿ ಕೊಡು ಎಂದಾಗಲೇ ಅವಳಿಗೆ ಗೊತ್ತಾದದ್ದು.

ಪುಟ್ಟರಾಜು ಅಡುಗೆಮನೆಗೆ ಬಂದು ಸುತ್ತ ನೋಡಿದ. ಬಚ್ಚಲ ಕಡೆ ಹೋಗಿ ಟ್ಯಾಂಕು ನೋಡಿ ಬಂದ. ಹಿಂದಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದ. ಶ್ಯಾಮಲಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಪೈಪು ಇಲ್ಲೇ ತರ್ಬೇಕಾಯ್ತದೆ ಅಮ್ಮೋರೆ," ಎಂದ ಅವನು ಜಾನಕಮ್ಮನಿಗೆ. "ಸರಿಯಾಗಿ ದೇವ್ರ ಗೂಡಿನ ಕೆಳಗೇ ಬತ್ತದೆ. ಆಗ್ಬೋದಾ?"

ಶ್ಯಾಮಲಾ ಅತ್ತೆಯ ಮುಖ ನೋಡಿದಳು. ಆಗಬಾರದು ಎನ್ನಲಿ ಎಂದು ಅವಳ ಜೀವ ಹಂಬಲಿಸಿತು. ಇಷ್ಟು ವರ್ಷ ಯಾವ ಮಾತನ್ನು ಕೇಳಿ ಅವಳ ಹೊಟ್ಟೆ ಉರಿಯುತ್ತಿತ್ತೋ, ಅದೇ ಮಾತು ಇವತ್ತೊಂದು ಸಲ ಬಂದುಬಿಟ್ಟರೆ ಸಾಕೆಂದು ಕಾದಳು.

"ಕೊರೀಯಪ್ಪ," ಎಂದಳು ಜಾನಕಮ್ಮ. "ಬಸುರಿ ಹೆಣ್ಮಗು ಆ ಮೆಟ್ಲು ಹತ್ತಿ ಇಳಿಯಾದು ದೇವ್ರಿಗೂ ಕಾಣ್ತದಲ್ಲ. ಅವ್ನೇನು ಬ್ಯಾಡ ಅಂತಾನಾ?"

ಮಿಷನ್ನು ಗೋಡೆಗೆ ತಾಗಿತು. ಮನೆಯೆಲ್ಲ ಕೆಂಪು ಧೂಳು ತುಂಬಿತು. ಜಾನಕಮ್ಮ ತಾನೇ ವೆಂಕಟರಮಣನ ಪಟ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಪಡಸಾಲೆಯ ಗೂಡಿನಲ್ಲಿಟ್ಟಳು. ಪುಟ್ಟರಾಜು ಗೋಡೆ ಸೀಳಿ ಪೈಪು ಕೂರಿಸಿದ, ಅಂಟು ಹಚ್ಚಿ ಕೂಡಿಸಿದ, ಕಟ್ಟೆಯ ಮೂಲೆ ಒಡೆದು ಸಿಂಕು ಇಳಿಸಿದ. ಹೊರಹೋಗುವ ನೀರಿಗೆ ಪೈಪು ಹಾಕಿ ಹಿತ್ತಲ ಬಾಳೆಯ ಬುಡಕ್ಕೆ ಬಿಟ್ಟ. ನಲ್ಲಿಯ ತಿರುಪಿಗೆ ಬಿಳಿ ಟೇಪು ಸುತ್ತಿ ತಿರುಗಿಸಿ ಬಿಗಿದ. ಸೀಳಿದ ಜಾಗಕ್ಕೆ ಸಿಮೆಂಟು ಮೆತ್ತಿದ. ಅವನ ಕೆಲಸ ಮುಗಿದಾಗ ಶ್ಯಾಮಲಾಳ ಸಾರು ಇನ್ನೂ ಕುದಿಯುತ್ತಿತ್ತು. ಧೂಳಾಗಬಾರದೆಂದು ಅವಳು ಅವತ್ತು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದ್ದಳು.

ಪಟ ಮತ್ತೆ ಗೂಡಿಗೆ ಬಂತು. ಜಾನಕಮ್ಮ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಶ್ಯಾಮಲಾಳಿಂದ ತೆಂಗಿನಕಾಯಿ ತರಿಸಿ ಒಡೆದಳು. ಕಾವ್ಯಶ್ರೀಯ ಕೈಯಲ್ಲಿ ನಲ್ಲಿ ತಿರುಗಿಸಿದರು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬಂತು. ಎಲ್ಲರೂ ಸಿಂಕಿನ ಸುತ್ತ ನಿಂತು ನೋಡಿದರು. ಉಮೇಶನೂ ನೋಡಿದ. ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ. ಅವಳು ಕಾಯಿಯ ಹೋಳುಗಳನ್ನು ಎತ್ತಿಕೊಂಡು ಹಿತ್ತಲಿಗೆ ಇಳಿದು ಹೋಗಿದ್ದಳು.

ಮಾರನೆಯ ಬೆಳಗ್ಗೆ ಶ್ಯಾಮಲಾ ಎಂದಿನಂತೆ ಎದ್ದು, ತೊಟ್ಟಿಯಲ್ಲಿ ಕೊಡ ಮುಳುಗಿಸಿ, ಹೊತ್ತು ತಂದು, ಹಂಡೆಗೆ ಸುರಿದಳು. ಅದೇ ನೀರಿನಲ್ಲಿ ಅಕ್ಕಿ ತೊಳೆದಳು, ಬೇಳೆಗೆ ಇಟ್ಟಳು. ಮುಸುರೆ ಪಾತ್ರೆಗಳನ್ನು ಚಪ್ಪಡಿಗೆ ಒಯ್ದಳು. ಮೊದಲ ದಿನ ಅಭ್ಯಾಸಬಲ ಎಂದು ಜಾನಕಮ್ಮ ಸುಮ್ಮನಿದ್ದಳು. ಎರಡನೆಯ ದಿನ, ನಲ್ಲಿ ಇದೆಯಲ್ಲ ಎಂದು ನೆನಪಿಸಿದಳು. ಹೂಂ ಎಂದ ಶ್ಯಾಮಲಾ ಕೊಡ ಎತ್ತಿಕೊಂಡು ಹೋದಳು. ಆಮೇಲೆ ಯಾರು ಹೇಳಿದರೂ ಆ ಹೂಂ ಒಂದೇ ಉತ್ತರ. ಹೊಳೆಯುವ ನಲ್ಲಿಯ ಪಕ್ಕದಲ್ಲೇ ನಿಂತು ಹಂಡೆಗೆ ನೀರು ಸುರಿಯುವಳು. ಕೈ ತೊಳೆಯಲೂ ಅದನ್ನು ಮುಟ್ಟುತ್ತಿರಲಿಲ್ಲ.

ನಲ್ಲಿ ನೋಡಲು ಬಂದ ಅಕ್ಕಪಕ್ಕದ ಹೆಂಗಸರಿಗೆ ಇದು ಕಣ್ಣಿಗೆ ಬಿತ್ತು. ಜಾನಕಮ್ಮನಿಗೆ ಅವಮಾನವಾಯಿತು. ನನ್ನ ಮಾನ ಕಳೆಯಲು ಹೀಗೆ ಮಾಡುತ್ತಿದ್ದಾಳೆ, ಮೈದುನನ ಹೆಂಡತಿಗೆ ಸುಖ ಆಯಿತು ಅಂತ ಇವಳಿಗೆ ಹೊಟ್ಟೆಕಿಚ್ಚು ಎಂದು ಮುತ್ತಮ್ಮನ ಹತ್ತಿರ ಹೇಳಿಕೊಂಡಳು. ಅವತ್ತು ಆಟೋದಲ್ಲಿ ಶ್ಯಾಮಲಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಸನದವರೆಗೆ ಹೋಗಿದ್ದವಳು ಈ ಮುತ್ತಮ್ಮನೇ.

ಉಮೇಶ ಕೆಲವು ದಿನ ನೋಡಿದ. ಒಂದು ಮಧ್ಯಾಹ್ನ ಶ್ಯಾಮಲಾ ತೋಟಕ್ಕೆ ಬುತ್ತಿ ತಂದಾಗ, ತೆಂಗಿನ ಮರದ ಬುಡದಲ್ಲಿ ಕೂತು ಮುದ್ದೆ ಮುರಿಯುತ್ತ, ಇದೆಂಥ ಹಠ ಎಂದು ಕೇಳಿದ. ನಲ್ಲಿ ಯಾರು ಹಾಕಿಸಿದರೇನು, ಬರುವ ನೀರು ನಮ್ಮ ತೋಟದ್ದೇ ಅಲ್ಲವಾ ಎಂದ. ಜನ ಆಡಿಕೊಳ್ಳುತ್ತಿದ್ದಾರೆ ಎಂದ. ನಿನ್ನ ಭುಜ ಹಾಳಾಗುತ್ತಿದೆ ಎಂದೂ ಕೊನೆಗೆ ಸೇರಿಸಿದ.

ಶ್ಯಾಮಲಾ ಮಜ್ಜಿಗೆಯ ಚೊಂಬನ್ನು ನೆಲದ ಮೇಲಿಟ್ಟಳು.

"ಆಗದೇ ಇರೋ ಕೆಲ್ಸ ಅಂತ ಅನ್ಕಂಡಿದ್ದೆ ಕಣ್ರೀ," ಎಂದಳು. "ಆಗಲ್ಲ ಅಂದ್ಮೇಲೆ ಯಾರನ್ನ ದೂರಾದು ಅಂತ ಇಷ್ಟು ವರ್ಸ ಸುಮ್ಕಿದ್ದೆ. ಆ ಪುಟ್ಟರಾಜು ಬೆಳಿಗ್ಗೆ ಬಂದ, ಉಣ್ಣೋ ಹೊತ್ತಿಗೆ ಮುಗ್ಸಿ ಹೋದ. ಅರ್ಧ ದಿನದ ಕೆಲ್ಸ. ನಮ್ಮ ಮಗ ಅರ್ಧ ದಿನದ ಕೆಲ್ಸಕ್ಕೆ ಹೋದ."

ಉಮೇಶ ಕೈಯ ತುತ್ತನ್ನು ತಟ್ಟೆಗೇ ಹಾಕಿದ. ಅವನು ಕೆಟ್ಟವನಲ್ಲ. ತಾಯಿಯ ಎದುರು ನಿಲ್ಲಲಾರದವನು, ಅಷ್ಟೇ ಅವನ ದೋಷ, ಆದರೆ ಅದು ಸಣ್ಣ ದೋಷವಾಗಿ ಉಳಿದಿರಲಿಲ್ಲ. ಅವನು ತಟ್ಟೆ ಪಕ್ಕಕ್ಕಿಟ್ಟು ಕಾಲುವೆಯಲ್ಲಿ ಕೈ ತೊಳೆದುಕೊಂಡ. ಅವಳು ಬುತ್ತಿಯನ್ನು ಹಾಗೆಯೇ ಕಟ್ಟಿಕೊಂಡು ಮನೆಗೆ ಬಂದಳು.

ಕಾವ್ಯಶ್ರೀಗೆ ವಿಷಯ ತಿಳಿದದ್ದು ಹೇಮಾಶ್ರೀಯಿಂದ. ಹೇಮಾಶ್ರೀ ಈಗ ಬೇಲೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೊಡ್ಡವಳು. ನಿಮ್ಮಮ್ಮ ಯಾಕೆ ನಲ್ಲಿ ಮುಟ್ಟುವುದಿಲ್ಲ, ನನ್ನ ಮೇಲೆ ಕೋಪವಾ ಎಂದು ಚಿಕ್ಕಮ್ಮ ಕೇಳಿದಾಗ, ತನಗೆ ಗೊತ್ತಿದ್ದಷ್ಟನ್ನು ಹೇಳಿದ್ದಳು. ಅವತ್ತು ಸಂಜೆ ಶ್ಯಾಮಲಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕಾವ್ಯಶ್ರೀ ಬಂದು ಹೊಸ್ತಿಲ ಒಳಗೇ ನಿಂತಳು. ಮೆಟ್ಟಿಲು ಇಳಿಯುವ ಧೈರ್ಯ ಅವಳಿಗೆ ಬರಲಿಲ್ಲ.

"ಅಕ್ಕ, ನಂಗೆ ಗೊತ್ತಿರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು.

"ನಿಂಗ್ಯಾಕೆ ಗೊತ್ತಿರಬೇಕವ್ವ," ಎಂದಳು ಶ್ಯಾಮಲಾ. "ಗೊತ್ತಿದ್ದೋರು ಇದ್ರಲ್ಲ ಮನೇಲಿ."

ಒಳಗೆ ಹೋಗಿ ಕೂತುಕೋ, ಹೊರಗೆ ಥಂಡಿ ಎಂದೂ ಹೇಳಿದಳು. ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವಳ ಹೊಟ್ಟೆಯ ಕಡೆ ನೋಡಲು ಮಾತ್ರ ಆಗುತ್ತಿರಲಿಲ್ಲ. ಊಟ ಬಡಿಸುವಾಗ ಕಣ್ಣು ತಟ್ಟೆಯ ಮೇಲಿರುತ್ತಿತ್ತು, ತಲೆ ಬಾಚಿಕೊಡು ಅಕ್ಕ ಎಂದರೆ ಹಿಂದೆ ಕೂತು ಬಾಚುತ್ತಿದ್ದಳು. ಸೀಮಂತದ ದಿನ ಹೂ ಮುಡಿಸಲು ಎಲ್ಲ ಮುತ್ತೈದೆಯರೂ ಎದ್ದಾಗ ಶ್ಯಾಮಲಾ ಅಡುಗೆಯವರ ಜೊತೆ ಉಳಿದಳು. ಕರೆಯಲು ಯಾರೂ ಬರಲಿಲ್ಲ. ಜಾನಕಮ್ಮ ಕರೆಯಬೇಡಿ ಎಂದಿದ್ದಳೋ, ಎಲ್ಲರೂ ಮರೆತರೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಸೀಮಂತ ಮುಗಿಸಿ ಕಾವ್ಯಶ್ರೀ ತವರಿಗೆ ಹೋದಳು. ತಿಂಗಳು ತುಂಬಿ ಹೆಣ್ಣುಮಗು ಹೆತ್ತಳು. ತಾಯಿ ಮಗು ಚೆನ್ನಾಗಿದ್ದರು. ಶರತ್ ಕೆಳಮನೆಯೊಂದನ್ನು ಬಾಡಿಗೆಗೆ ಹಿಡಿದ. ಹಗರೆಗೆ ಅವರು ಹಬ್ಬಕ್ಕೆ ಬರುವವರಾದರು. ಯಾರಿಗಾಗಿ ನಲ್ಲಿ ಬಂದಿತೋ ಅವರು ಹೋದರು, ನಲ್ಲಿ ಉಳಿಯಿತು.

ಆಮೇಲೆ ಒಂದು ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಶ್ಯಾಮಲಾ ಬಡಿಸುತ್ತಲೇ ಹೇಳಿದಳು. ಹಿತ್ತಲಲ್ಲಿ ತೆಂಗಿನಕಾಯಿ ರಾಶಿ ಹಾಕುವ ಕೋಣೆ ಇದೆಯಲ್ಲ, ಅದರಲ್ಲಿ ನಾನು ಬೇರೆ ಒಲೆ ಹೂಡುತ್ತೇನೆ. ನನಗೆ, ಇವರಿಗೆ, ಹೇಮಾಶ್ರೀಗೆ ಅಲ್ಲೇ ಅಡುಗೆ. ಆಸ್ತಿ ಬೇಡ, ಪಾಲು ಬೇಡ, ಮಲಗುವುದು ಇದೇ ಮನೆಯಲ್ಲಿ. ಒಲೆ ಮಾತ್ರ ಬೇರೆ.

ತಿಮ್ಮಯ್ಯನವರು ಉಣ್ಣುವುದನ್ನು ನಿಲ್ಲಿಸಿದರು. ಜಾನಕಮ್ಮ ಎದೆ ಬಡಿದುಕೊಂಡು ಅತ್ತಳು. ಒಂದು ನಲ್ಲಿಗೋಸ್ಕರ ಮನೆ ಒಡೆಯುತ್ತಿದ್ದಾಳೆ ಎಂದಳು. ಎಲ್ಲರೂ ಉಮೇಶನ ಕಡೆ ನೋಡಿದರು. ಅವನು ತಟ್ಟೆಯಿಂದ ತಲೆ ಎತ್ತದೆ, ಅವಳು ಹೇಳಿದ ಹಾಗೆ ಆಗಲಿ ಎಂದ. ತಾಯಿಯ ಮಾತಿಗೆ ಎದುರಾಗಿ ಅವನ ಬಾಯಿಂದ ಬಂದ ಮೊದಲ ಮಾತು ಅದು. ಶ್ಯಾಮಲಾಳಿಗೆ ಅದರಿಂದ ಸಂತೋಷವಾಗಬೇಕಿತ್ತು. ಇಷ್ಟು ತಡವಾಗಿ ಬಂದ ಮಾತನ್ನು ಎಲ್ಲಿಡುವುದೆಂದು ಅವಳಿಗೆ ತೋಚಲಿಲ್ಲ.

ಕಾಯಿ ರಾಶಿಯನ್ನು ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸಿದರು. ಗೋಡೆಗೆ ಸುಣ್ಣ ಬಳಿದರು. ಗ್ಯಾಸ್ ಒಲೆ ಬಂತು. ಪುಟ್ಟರಾಜು ಮತ್ತೆ ಬಂದು, ತೊಟ್ಟಿಗೆ ಹೋಗುವ ಪೈಪಿನಿಂದಲೇ ಒಂದು ಕವಲು ತೆಗೆದು, ಕಿಟಕಿಯ ಕೆಳಗೆ ನಲ್ಲಿ ಹಾಕಿಕೊಟ್ಟ. ಬಾಗಿದ ಕತ್ತಿನದಲ್ಲ, ಬೀದಿಯಲ್ಲಿ ಇರುವಂಥ ಗಿಡ್ಡ ಹಿತ್ತಾಳೆ ನಲ್ಲಿ. ಗೋಡೆ ಸೀಳುವ ಕೆಲಸವೂ ಇರಲಿಲ್ಲ, ಅವನು ಕೂತ ಹಾಗೆಯೇ ಮುಗಿಸಿ ಎದ್ದ. ಅವನು ಹೋದ ಮೇಲೆ ಶ್ಯಾಮಲಾ ಬಾಗಿಲು ಮುಂದಕ್ಕೆಳೆದು ನಲ್ಲಿ ತಿರುಗಿಸಿದಳು. ನೀರು ಬಂತು. ಕೈ ಕೆಳಗೆ ಹಿಡಿದಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಹಗುರವಾಗುತ್ತದೆ ಎಂದುಕೊಂಡಿದ್ದಳು, ಅದೂ ಆಗಲಿಲ್ಲ. ಕೊಡ ಇಟ್ಟು ಅಭ್ಯಾಸವಾಗಿದ್ದ ಎಡಸೊಂಟಕ್ಕೆ ಕೈ ಊರಿಕೊಂಡು, ಬಕೆಟ್ಟು ತುಂಬಿ ಹೊರಚೆಲ್ಲುವವರೆಗೂ ನಿಂತಿದ್ದಳು. ಆಮೇಲೆ ನಲ್ಲಿ ನಿಲ್ಲಿಸಿ ಅಕ್ಕಿ ತೊಳೆದಳು.

ಊರಿನ ಬಾಯಿ ಅವಳ ಮೇಲೆಯೇ ಬಿತ್ತು. ಬಾಳಿದ ಮನೆಯನ್ನು ನಲ್ಲಿಯ ನೆಪದಲ್ಲಿ ಎರಡು ಮಾಡಿದಳು ಎಂದರು. ಮಂಡಿ ಹಮಾಲಿಯ ಮಗಳಿಗೆ ಇನ್ನೆಂಥ ಬುದ್ಧಿ ಬರುತ್ತದೆ ಎಂದವರೂ ಉಂಟು. ಡೇರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳು ಮೆಟ್ಟಿಲಲ್ಲಿ ಬಿದ್ದ ಬೆಳಗಿನ ವಿಷಯ ಯಾರೂ ಎತ್ತಲಿಲ್ಲ. ಹಳೆಯ ಕಥೆ, ಎಲ್ಲರ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಮನೆ ಒಡೆಯುವುದು ಹೊಸ ಕಥೆ.

ಇತ್ತ ಜಾನಕಮ್ಮನಿಗೆ ಅಡುಗೆಮನೆ ಒಂಟಿಯಾಗಿ ಸಿಕ್ಕಿತು. ಮಂಡಿನೋವು ಹಿಡಿದುಕೊಂಡಿದ್ದರೂ ತನಗೂ ತಿಮ್ಮಯ್ಯನವರಿಗೂ ಬೇಯಿಸುತ್ತಿದ್ದಳು. ಅತ್ತೆ ಸೊಸೆಯರು ಹಿತ್ತಲಲ್ಲಿ ಎದುರಾದರೆ ದನದ ವಿಷಯ, ಹಾಲಿನ ವಿಷಯ ಆಡುತ್ತಿದ್ದರು. ಅದಕ್ಕಿಂತ ಹೆಚ್ಚಿಲ್ಲ. ಶರತ್‌ನ ಮಗುವಿನ ನಾಮಕರಣಕ್ಕೆ ತಿಮ್ಮಯ್ಯನವರೂ ಉಮೇಶನೂ ಹಾಸನಕ್ಕೆ ಹೋದ ದಿನ ಜಾನಕಮ್ಮನಿಗೆ ಜ್ವರ. ಹೋಗಲಾಗಲಿಲ್ಲ. ಶ್ಯಾಮಲಾಳೂ ಹೋಗಿರಲಿಲ್ಲ.

ಮಧ್ಯಾಹ್ನ ಜಾನಕಮ್ಮ ಗೋಡೆ ಹಿಡಿದುಕೊಂಡು ಹಿತ್ತಲ ಕೋಣೆಯ ಬಾಗಿಲಿಗೆ ಬಂದು ಕೂತಳು. ಒಲೆ ಹಚ್ಚಲಾಗಲಿಲ್ಲ ಎಂದಳು. ಶ್ಯಾಮಲಾ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು ಹಾಕಿ ತಟ್ಟೆ ಮುಂದಿಟ್ಟಳು. ಜಾನಕಮ್ಮ ಒಂದೆರಡು ತುತ್ತು ನುಂಗಿ, ಕಿಟಕಿಯ ಕೆಳಗಿನ ಹಿತ್ತಾಳೆ ನಲ್ಲಿಯನ್ನು ನೋಡುತ್ತ ಕೂತಳು.

"ನಾನೂ ಹೊತ್ತಿದ್ದೆ ಕಣೇ," ಎಂದಳು. "ಕೆರೆಯಿಂದ. ಉಮೇಶನ್ನ ಹೆರಾಕೆ ಮುಂಚೆ ನಂಗೂ ಒಂದು ಹೋಗಿತ್ತು. ಮೈ ಆರೋ ಮುಂಚೆನೇ ನಮ್ಮತ್ತೆ ಕೊಡ ಕೈಗೆ ಕೊಟ್ಳು. ನಾನು ಹೊತ್ತಿಲ್ವಾ, ನೀನೂ ಹೊರು ಅಂತಲೇ ನಂಗನ್ನಿಸ್ತಿತ್ತು."

ಇಷ್ಟು ವರ್ಷಗಳಲ್ಲಿ ಈ ಮಾತು ಆ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಶ್ಯಾಮಲಾ ಸಾರಿನ ಸೌಟು ಹಿಡಿದು ನಿಂತಳು. ಒಂದು ಗಳಿಗೆ ಅವಳ ಮನಸ್ಸು ಮೆತ್ತಗಾದದ್ದೂ ನಿಜ. ಆದರೆ ಕೇಳಲೇಬೇಕಾದ್ದು ಒಂದು ಉಳಿದಿತ್ತು.

"ಕಾವ್ಯಶ್ರೀ ವಿಷಯದಲ್ಲಿ ಯಾಕೆ ಹಂಗನ್ನಿಸ್ಲಿಲ್ಲ ಅತ್ತೆ?"

ಜಾನಕಮ್ಮ ಯೋಚಿಸಿದಳು. ಸುಳ್ಳು ಹೇಳುವ ಶಕ್ತಿ ಜ್ವರದಲ್ಲಿ ಇರಲಿಲ್ಲವೋ ಏನೋ.

"ಏನಾರ ಹೆಚ್ಚುಕಮ್ಮಿ ಆದ್ರೆ ಅವಳಪ್ಪ ಬಂದು ಅಂಗಳದಲ್ಲಿ ನಿಂತು ಕೇಳ್ತಾನಲ್ಲವ್ವ," ಎಂದಳು. "ನಿನ್ನ ಕಡೆಯಿಂದ ಕೇಳೋರು ಯಾರಿದ್ರು?"

ಆ ಮಾತಿನಲ್ಲಿ ಹಂಗಿಸುವ ಧಾಟಿ ಇರಲಿಲ್ಲ. ಮಳೆ ಬರಲಿಲ್ಲ, ಪೈರು ಬರಲಿಲ್ಲ ಎನ್ನುವ ಹಾಗೆ ಹೇಳಿದ್ದಳು. ಶ್ಯಾಮಲಾಳಿಗೆ ಅಪ್ಪ ನೆನಪಾದ. ಆಸ್ಪತ್ರೆಗೆ ಅವನು ಮಂಡಿಯಿಂದ ನೇರವಾಗಿ ಬಂದಿದ್ದ, ಹೆಗಲ ಮೇಲೆ ಮೂಟೆ ಹೊರುವ ಗೋಣಿತಾಟು ಹಾಗೆಯೇ ಇತ್ತು. ಮಗಳನ್ನು ನೋಡುವ ಮುಂಚೆ ವರಾಂಡದಲ್ಲಿ ತಿಮ್ಮಯ್ಯನವರ ಎದುರು ನಿಂತು ಕೈ ಮುಗಿದಿದ್ದ. ನನ್ನ ಮಗಳು ನೋಡಿ ಕಾಲಿಡಬೇಕಾಗಿತ್ತು, ತಪ್ಪಾಯಿತು ಬುದ್ಧಿ ಎಂದಿದ್ದ. ಒಳಗೆ ಹಾಸಿಗೆಯ ಮೇಲೆ ಮಲಗಿದ್ದ ಅವಳಿಗೆ ಅದು ಕೇಳಿಸಿತ್ತು. ಈಗ ಅವನೂ ಇಲ್ಲ.

ಅತ್ತೆಯ ತಟ್ಟೆಯಲ್ಲಿ ಸಾರು ಮುಗಿದಿತ್ತು, ಇನ್ನೊಂದು ಸೌಟು ಹಾಕಿದಳು. ಜಾನಕಮ್ಮ ಉಂಡು, ತಟ್ಟೆಯಲ್ಲೇ ಕೈ ತೊಳೆದು, ಬಂದ ಹಾಗೆಯೇ ಗೋಡೆ ಹಿಡಿದು ಎದ್ದು ಹೋದಳು. ಕ್ಷಮಿಸು ಎಂದು ಅವಳು ಅನ್ನಲಿಲ್ಲ, ಅನ್ನುತ್ತಾಳೆಂದು ಇವಳೂ ಕಾಯಲಿಲ್ಲ.

ಜ್ವರ ಬಿಟ್ಟ ಮೇಲೂ ಜಾನಕಮ್ಮ ಮಧ್ಯಾಹ್ನದ ಹೊತ್ತು ಬಂದು ಆ ಬಾಗಿಲಲ್ಲಿ ಕೂರುತ್ತಾಳೆ. ಕೆಲವು ದಿನ ತಿಮ್ಮಯ್ಯನವರಿಗೂ ಒಂದು ತಟ್ಟೆ ಕೊಂಡೊಯ್ಯುತ್ತಾಳೆ. ದೊಡ್ಡ ಅಡುಗೆಮನೆಯ ಒಲೆ ಈಗ ಹೆಚ್ಚಾಗಿ ಹಾಲು ಕಾಯಿಸಲು ಮಾತ್ರ ಉರಿಯುತ್ತದೆ. ಶ್ಯಾಮಲಾ ಹಿಟ್ಟು ತಿರುವುವಾಗ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾಳೆ. ಬಡಿಸುತ್ತಾಳೆ, ಸಾಕಾ ಬೇಕಾ ಎಂದು ಕೇಳುತ್ತಾಳೆ. ಅತ್ತೆ ಸೊಸೆ ಒಂದಾದರು ಎಂದು ಊರವರು ಹೇಳತೊಡಗಿದ್ದಾರೆ. ಮುತ್ತಮ್ಮ ಒಂದು ದಿನ ಅದನ್ನು ಬಂದು ಹೇಳಿದಾಗ ಶ್ಯಾಮಲಾ ಕಾಳು ಆರಿಸುತ್ತಿದ್ದಳು. ಹಸಿದವರಿಗೆ ಅನ್ನ ಹಾಕುವುದು ಬೇರೆ, ಒಂದಾಗುವುದು ಬೇರೆ ಎಂದಳು, ಮೊರ ಕೊಡವಿದಳು, ಮತ್ತೆ ಆರಿಸಲು ಕೂತಳು.